ಮಗುವಿಗೆ ಮೊದಲು ಬಡಾವಣೆ: ನಾವು ಬಾಡಿಗೆ ಮನೆ ಹುಡುಕಿದ ಬಗೆ

ಮಗು ಬೇಕು ಅಂತ ನಾನೂ ನನ್ನ ಗಂಡನೂ ತೀರ್ಮಾನಿಸಿದ ಮೇಲೆ ಮೊದಲು ಕೈ ಹಾಕಿದ್ದು ಮನೆ ಬದಲಿಸುವ ಕೆಲಸಕ್ಕೆ. ಆಗಿದ್ದ ಮನೆ ನಗರದ ನಟ್ಟನಡುವೆ, ಇಬ್ಬರ ಆಫೀಸಿಗೂ ಹತ್ತಿರ. ಇಬ್ಬರಿಗೆ ಅದು ಚೆನ್ನಾಗಿಯೇ ಇತ್ತು. ಆದರೆ ತುಂಬು ಬಸುರಿಯಾಗಿ ಸಾಮಾನು ಕಟ್ಟುವುದು, ಇಲ್ಲವೇ ಹಸುಗೂಸನ್ನು ಎತ್ತಿಕೊಂಡು ಮನೆ ಮನೆ ಅಲೆಯುವುದು, ಎರಡೂ ನನಗೆ ಬೇಡವಾಗಿತ್ತು. ರಾತ್ರಿ ನಿದ್ದೆ ಸರಿಯಾಗಿ ಬರುತ್ತಿದ್ದ ಕಾಲದಲ್ಲೇ ಹುಡುಕಿದ್ದರಿಂದ ನಿಧಾನವಾಗಿ ನೋಡಲು ಆಯಿತು. ಹಿಡಿಸದ್ದಕ್ಕೆ ಬೇಡ ಎನ್ನಲು ಧೈರ್ಯವೂ ಇತ್ತು.

ಮೊದಲು ಏರಿಯಾ, ಆಮೇಲೆ ಮನೆ ಅಂತ ಇಟ್ಟುಕೊಂಡೆವು. ಮನೆಯ ಒಳಗಿನ ಕೊರತೆಯನ್ನು ಹೇಗೋ ಸರಿಮಾಡಿಕೊಳ್ಳಬಹುದು. ಗೇಟಿನ ಆಚೆಗಿನ ರಸ್ತೆ ನಮ್ಮ ಕೈಯಲ್ಲಿ ಇರುವುದಿಲ್ಲ.

ವಿಷಯ ಕಿವಿಗೆ ಬಿದ್ದ ಕೂಡಲೇ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಒಳ್ಳೆ ಸ್ಕೂಲ್ ಇದೆಯಾ?" ಈ ಪ್ರಶ್ನೆಯನ್ನು ನಾವು ಬೇಕಂತಲೇ ಪಕ್ಕಕ್ಕಿಟ್ಟೆವು. ಇನ್ನೂ ಹುಟ್ಟದ ಮಗು ಶಾಲೆಗೆ ಹೋಗಲು ಐದಾರು ವರ್ಷ ಬೇಕು. ಒಳ್ಳೆ ಶಾಲೆಯ ಸುತ್ತಮುತ್ತ ಬಾಡಿಗೆ ಯಾವಾಗಲೂ ಜಾಸ್ತಿ. ಆ ಜಾಸ್ತಿ ಹಣವನ್ನು ಅಷ್ಟು ವರ್ಷ ಸುಮ್ನೆ ಕಟ್ಟಬೇಕಾ? ಸ್ವಂತ ಮನೆ ಕೊಳ್ಳುವವರು ಶಾಲೆ ನೋಡಲಿ, ಅದು ಸರಿಯೇ. ಬಾಡಿಗೆಗೆ ಇರುವವರು ಜೀವನದ ಈ ಘಟ್ಟಕ್ಕೆ ಒಂದು ಜಾಗ, ಮುಂದಿನದಕ್ಕೆ ಇನ್ನೊಂದು ಅಂತ ಹೋಗಬಹುದು. ಹಾಗಾಗಿ ನಾವು ಲೆಕ್ಕ ಹಾಕಿದ್ದು ಬಸಿರಿನಿಂದ ಮಗುವಿಗೆ ಮೂರು ವರ್ಷ ತುಂಬುವವರೆಗಿನ ಕಾಲವನ್ನು ಮಾತ್ರ. ಆ ಕಾಲದಲ್ಲಿ ದಿನ ಹೇಗೆ ಕಳೆಯುತ್ತೆ? ಯಾರು ಮನೆಯಲ್ಲಿ ಇರುತ್ತಾರೆ? ಅವರು ಎಲ್ಲಿಗೆ ನಡೆದು ಹೋಗಬಲ್ಲರು? ಹೀಗೆ ಕೇಳಿಕೊಂಡ ಕೂಡಲೇ ನೋಡಬೇಕಾದ ಏರಿಯಾಗಳ ಪಟ್ಟಿಯೇ ಬದಲಾಯಿತು.

ಓಡಾಟದ ಸಮಯದಿಂದ ಶುರು ಮಾಡಿದೆವು. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ವಿಷಯ ಎತ್ತಿ ತೋರಿಸಿದ್ದರು. ಜನ ಯಾವ ಕಾಲದಲ್ಲಿ, ಯಾವ ವಾಹನದಲ್ಲಿ ಓಡಾಡಿದರೂ ದಿನಕ್ಕೆ ಸರಾಸರಿ ಒಂದು ಗಂಟೆಯಷ್ಟನ್ನೇ ಅದಕ್ಕೆ ಕೊಡುತ್ತಾರೆ ಅಂತ. ಅದಕ್ಕಿಂತ ಜಾಸ್ತಿಯಾದರೆ ಮೈಮನಸ್ಸು ಎರಡೂ ದಣಿಯುತ್ತವೆ ಅನ್ನುವುದು ನಮಗೂ ಗೊತ್ತಿದ್ದದ್ದೇ. ಆದರೆ ಮಗು ಬಂದ ಮೇಲೆ ಲೆಕ್ಕ ಬೇರೆ. ಮನೆಯಿಂದ ಆಫೀಸಿಗೆ ಇದ್ದ ದಾರಿಯ ನಡುವೆ ಡೇ ಕೇರ್ ಬಂದು ಕೂರುತ್ತೆ. ಡೇ ಕೇರ್ ಬಾಗಿಲು ಹಾಕುವ ಹೊತ್ತೇ ನಿಮ್ಮ ಸಂಜೆಯ ಗಡಿಯಾರ.

ಅದಕ್ಕೇ ಮನೆ ನೋಡುವ ಮೊದಲು ಡೇ ಕೇರ್‌ಗಳಿಗೆ ಹೋಗಿ ಬಂದೆವು. ಹೊಟ್ಟೆಯಲ್ಲಿ ಇನ್ನೂ ಮಗು ಇಲ್ಲದಾಗ ವಿಚಾರಿಸಲು ಮೊದಲು ಸಂಕೋಚ ಆಯಿತು. ಅಲ್ಲಿಯವರಿಗೆ ಅದೇನೂ ಹೊಸದಲ್ಲ. ಎಷ್ಟು ತಿಂಗಳ ಮಗುವನ್ನು ತೆಗೆದುಕೊಳ್ಳುತ್ತೀರಿ, ಒಬ್ಬರು ಎಷ್ಟು ಮಕ್ಕಳನ್ನು ನೋಡಿಕೊಳ್ಳುತ್ತಾರೆ, ತಡವಾದರೆ ಏನು ಮಾಡುತ್ತೀರಿ, ಈಗ ಹೆಸರು ಬರೆಸಿದರೆ ಯಾವಾಗ ಜಾಗ ಸಿಗುತ್ತೆ ಅಂತ ಕೇಳಿದೆವು. ಕೊನೆಯ ಪ್ರಶ್ನೆಗೆ ಒಂದೆಡೆ ಸಿಕ್ಕ ಉತ್ತರ ಕೇಳಿ ಆ ಏರಿಯಾವನ್ನೇ ಬಿಟ್ಟೆವು. ಅಲ್ಲಿ ಕಾಯುವ ಅವಧಿ ಒಂಬತ್ತು ತಿಂಗಳಿಗಿಂತ ಜಾಸ್ತಿ ಇತ್ತು. ಡೇ ಕೇರ್ ಆಫೀಸಿನ ಹತ್ತಿರ ಇರಬೇಕೋ ಮನೆಯ ಹತ್ತಿರ ಇರಬೇಕೋ ಅಂತ ನಮ್ಮಲ್ಲೇ ತುಂಬ ಚರ್ಚೆ ಆಯಿತು. ನನ್ನ ಮತ ಮನೆಯ ಹತ್ತಿರಕ್ಕೆ. ಅಪ್ಪನೋ ಅಮ್ಮನೋ ಒಬ್ಬರು ರಜೆಯಲ್ಲಿರಲಿ, ಕೆಲಸ ಬದಲಿಸಲಿ, ಹುಷಾರಿಲ್ಲದೆ ಮಲಗಿರಲಿ, ಮನೆಯ ಹತ್ತಿರದ ಡೇ ಕೇರ್‌ಗೆ ಯಾರಾದರೂ ಹೋಗಿ ಮಗುವನ್ನು ಕರೆತರಬಹುದು. ಅಗತ್ಯ ಬಿದ್ದರೆ ಪಕ್ಕದ ಮನೆಯವರೂ ಹೋಗಬಹುದು.

ಡಾಕ್ಟರ ವಿಷಯದಲ್ಲಿ ಎರಡು ಬೇರೆ ಬೇರೆ ದೂರಗಳನ್ನು ಇಟ್ಟುಕೊಂಡೆವು. ಗರ್ಭಿಣಿಯನ್ನು ಕನಿಷ್ಠ 8 ಸಲ ತಪಾಸಣೆ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದೆ. ಇವೆಲ್ಲ ಮೊದಲೇ ದಿನ ಗೊತ್ತಿರುವ ಭೇಟಿಗಳು, ರಜೆ ಹಾಕಿ ಹೋಗಬಹುದು. ಹೆರಿಗೆ ಆಸ್ಪತ್ರೆ ಸ್ವಲ್ಪ ದೂರ ಇದ್ದರೂ ನಡೆಯುತ್ತೆ. ಮಕ್ಕಳ ಡಾಕ್ಟರ್ ಹಾಗಲ್ಲ. ಹುಟ್ಟಿದಾಗಿನ ಲಸಿಕೆ ಆದ ಮೇಲೆ ಹಲವು ದೇಶಗಳಲ್ಲಿ 6, 10, 14ನೇ ವಾರಕ್ಕೆ ಮತ್ತೆ ಲಸಿಕೆ ಇರುತ್ತೆ, ಕೆಲವು ಕಡೆ 2, 4, 6ನೇ ತಿಂಗಳಿಗೆ. ಅದರ ಮೇಲೆ ಡೇ ಕೇರ್ ಸೇರಿದ ಮೊದಲ ವರ್ಷದ ಶೀತ, ಕೆಮ್ಮು, ಜ್ವರ. ಇದಕ್ಕೆಲ್ಲ ನಡೆದು ಹೋಗುವಷ್ಟು ಹತ್ತಿರದಲ್ಲಿ ಕ್ಲಿನಿಕ್ ಬೇಕೇ ಬೇಕು. ರಾತ್ರಿ ತುರ್ತು ಚಿಕಿತ್ಸೆ ಕೊಡುವ ಆಸ್ಪತ್ರೆಗೆ ಹೋಗುವ ದಾರಿಯನ್ನು ನಡುರಾತ್ರಿ ಒಮ್ಮೆ, ಸಂಜೆ ಟ್ರಾಫಿಕ್ ಹೊತ್ತಿನಲ್ಲಿ ಒಮ್ಮೆ ನಾವೇ ಹೋಗಿ ನೋಡಿದೆವು. ಮ್ಯಾಪ್ ತೋರಿಸುವ ನಿಮಿಷಗಳನ್ನು ಇಂಥ ವಿಷಯದಲ್ಲಿ ನಾನು ನಂಬುವುದಿಲ್ಲ.

ಇನ್ನು ನಡೆಯುವ ದಾರಿ. ಬೇರೆ ಯಾವುದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಂಡದ್ದು ಇದಕ್ಕೇ. ನನ್ನ ಪ್ರಕಾರ ಒಂದು ಬಡಾವಣೆ ಮಕ್ಕಳಿರುವ ಮನೆಗೆ ಆಗಿಬರುತ್ತೋ ಇಲ್ಲವೋ ಅನ್ನುವುದು ಇಲ್ಲೇ ಗೊತ್ತಾಗುತ್ತೆ.

ನಾವು ಮಾಡಿದ್ದು ಇಷ್ಟು. ಚಕ್ರ ಇರುವ ಟ್ರಾಲಿ ಬ್ಯಾಗಿನಲ್ಲಿ ಒಂದಷ್ಟು ಪುಸ್ತಕ ತುಂಬಿಕೊಂಡು ಹೋಗುತ್ತಿದ್ದೆವು. ನೋಡಲು ಹೋದ ಮನೆಯ ಗೇಟಿನಿಂದ ಪಾರ್ಕಿಗೆ, ಪಾರ್ಕಿನಿಂದ ಮೆಡಿಕಲ್ ಶಾಪಿಗೆ, ಅಲ್ಲಿಂದ ಬಸ್ ಸ್ಟಾಪಿಗೆ ಅದನ್ನು ಎಳೆದುಕೊಂಡು ನಡೆಯುವುದು. ಮಗುವಿನ ತಳ್ಳುಗಾಡಿ ಹೋಗಬೇಕಾದ ದಾರಿಯೂ ಅದೇ ತಾನೇ? ಬ್ಯಾಗನ್ನು ಎಲ್ಲೆಲ್ಲಿ ಎತ್ತಬೇಕಾಗುತ್ತೆ ಅಂತ ಗಮನಿಸುತ್ತಿದ್ದೆವು. ಫುಟ್‌ಪಾತ್ ಮುಗಿಯುವ ಕಡೆ ಇಳಿಜಾರು ಇಲ್ಲದಿದ್ದರೆ ಎತ್ತಬೇಕು. ಚರಂಡಿಯ ಕಲ್ಲು ಎದ್ದಿದ್ದರೆ ಎತ್ತಬೇಕು. ಯಾರೋ ಬೈಕ್ ಅಡ್ಡ ನಿಲ್ಲಿಸಿದ್ದರೆ ರಸ್ತೆಗೇ ಇಳಿಯಬೇಕು. ಕಾಗದದ ಮೇಲೆ ತುಂಬ ಚೆನ್ನಾಗಿದ್ದ ಒಂದು ಏರಿಯಾದಲ್ಲಿ ಪಾರ್ಕ್ ಕಣ್ಣಳತೆಯಲ್ಲೇ ಇತ್ತು. ಆದರೆ ನಡುವೆ ನಾಲ್ಕು ಸಾಲಿನ ರಸ್ತೆ, ದಾಟಲು ಇದ್ದದ್ದು ಮೆಟ್ಟಿಲಿನ ಮೇಲ್ಸೇತುವೆ ಮಾತ್ರ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಗಾಡಿ ಹಿಡಿದು ಆ ಮೆಟ್ಟಿಲು ದಿನಾ ಯಾರು ಹತ್ತುತ್ತಾರೆ? ಅಂಥ ಪಾರ್ಕ್ ಇದ್ದೂ ಇಲ್ಲದ ಹಾಗೆ.

ವಾಹನಗಳ ವೇಗವನ್ನೂ ನಿಂತು ನೋಡಿದೆವು. ವೇಗ ಎರಡರಷ್ಟಾದರೆ ಬ್ರೇಕ್ ಹಾಕಿದ ಮೇಲೆ ಗಾಡಿ ನಿಲ್ಲಲು ನಾಲ್ಕರಷ್ಟು ದೂರ ಬೇಕು. ಜನ, ಸೈಕಲ್, ಮೋಟಾರು ವಾಹನ ಎಲ್ಲ ಒಟ್ಟಿಗೆ ಓಡಾಡುವ ರಸ್ತೆಗಳಲ್ಲಿ ಗಂಟೆಗೆ 30 ಕಿಲೋಮೀಟರ್ ಮೀರಬಾರದು ಅಂತ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿತು. ನಿಂತ ಕಾರುಗಳ ಸಾಲಿನ ನಡುವಿಂದ ಓಡಿ ಬರುವ ಪುಟ್ಟ ಮಗು ಡ್ರೈವರ್ ಕಣ್ಣಿಗೆ ಬೀಳುವುದೇ ಇಲ್ಲ, ಅದರ ಎತ್ತರ ಬಾನೆಟ್‌ಗಿಂತ ಕಡಿಮೆ. ಆದ್ದರಿಂದ ವೇಗದ ಬೋರ್ಡ್ ಇದೆಯಾ ಅನ್ನುವುದಕ್ಕಿಂತ ಹಂಪ್, ತಿರುವು, ಕಿರಿದಾದ ರಸ್ತೆ ಇದೆಯಾ ಅಂತ ನೋಡಿದೆವು. ಬೋರ್ಡ್ ಓದದವರನ್ನೂ ಹಂಪ್ ನಿಧಾನ ಮಾಡಿಸುತ್ತೆ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1960ರ ದಶಕದ ಕೊನೆಯಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರ ವಿನ್ಯಾಸಕಾರರು ಒಂದೇ ತರಹದ ಮೂರು ರಸ್ತೆಗಳನ್ನು ಹೋಲಿಸಿ ನೋಡಿದರು. ದಿನಕ್ಕೆ ಸುಮಾರು 2,000 ವಾಹನ ಓಡಾಡುವ ರಸ್ತೆಯಲ್ಲಿ ಒಬ್ಬರಿಗೆ ಅದೇ ರಸ್ತೆಯಲ್ಲಿ ಸರಾಸರಿ 3 ಗೆಳೆಯರಿದ್ದರು. ಸುಮಾರು 16,000 ವಾಹನ ಓಡಾಡುವ ರಸ್ತೆಯಲ್ಲಿ 1ಕ್ಕಿಂತಲೂ ಕಡಿಮೆ. ಈ ಅಂಕಿ ಓದಿದಾಗ ನನಗೆ ಕಂಡದ್ದು ಒಂದು ಚಿತ್ರ: ಹೆರಿಗೆ ಆದ ಮೇಲೆ ತಿಂಗಳುಗಟ್ಟಲೆ ಹಗಲೆಲ್ಲ ಮಗುವಿನ ಜೊತೆ ಒಬ್ಬಳೇ ಇರುವ ನಾನು. ಆಗ ಎದುರು ಮನೆಯವರ ಹೆಸರು ಗೊತ್ತಿರುವುದು ಸಣ್ಣ ವಿಷಯ ಅಲ್ಲ. ಮಗು ಹುಟ್ಟಿದ ಮೇಲಿನ ಕಾಲದಲ್ಲಿ ತಾಯಂದಿರನ್ನು ತುಂಬ ಕುಗ್ಗಿಸುವುದು ಒಂಟಿತನ. ಅದಕ್ಕೆ ಮದ್ದು ಮನೆಯ ಒಳಗಡೆ ಜಾಸ್ತಿ ಸಿಗುವುದಿಲ್ಲ.

ಹಾಗಾಗಿ ಶನಿವಾರ ಭಾನುವಾರ ಮಾತ್ರ ಅಲ್ಲದೆ ವಾರದ ನಡುವೆ, ಬೆಳಗ್ಗೆ ಹನ್ನೊಂದರ ಹೊತ್ತಿಗೂ ರಜೆ ಹಾಕಿ ಹೋಗಿ ನೋಡಿದೆವು. ಕೆಲಸಕ್ಕೆ ಹೋಗುವವರಿಗೆ ಆ ಹೊತ್ತಿನ ತಮ್ಮ ಬೀದಿ ಹೇಗಿರುತ್ತೆ ಅಂತಲೇ ಗೊತ್ತಿರುವುದಿಲ್ಲ. ಕೆಲವು ಏರಿಯಾಗಳು ಪೂರ್ತಿ ಖಾಲಿ. ಬಾಗಿಲು ಮುಚ್ಚಿದ ಮನೆಗಳು, ನೆರಳಿಲ್ಲದ ಪಾರ್ಕ್, ಕೂರಲು ಬೆಂಚಿಲ್ಲ. ನಾವು ಕೊನೆಗೆ ಆರಿಸಿದ ಬಡಾವಣೆಯಲ್ಲಿ ಆ ಹೊತ್ತಿಗೂ ಅಜ್ಜ ಅಜ್ಜಿಯರು, ಪುಟ್ಟ ಮಕ್ಕಳನ್ನು ಆಡಿಸುವವರು ಕಂಡರು. ಮರದ ಕೆಳಗೆ ಕೂತಿದ್ದ ಒಬ್ಬ ಹಿರಿಯರ ಪಕ್ಕ ಕೂತು ಮಾತಿಗೆ ಶುರು ಮಾಡಿದೆ.

"ಅಮ್ಮ, ಮಕ್ಕಳಿಗೆ ಜ್ವರ ಬಂದರೆ ಇಲ್ಲಿ ಎಲ್ಲಿ ತೋರಿಸ್ತಾರೆ?"

ಅವರು ಡಾಕ್ಟರ ಹೆಸರು ಹೇಳಿದರು, ಸಂಜೆ ಎಷ್ಟು ಹೊತ್ತಿನವರೆಗೆ ಇರುತ್ತಾರೆ ಅನ್ನುವುದನ್ನೂ ಹೇಳಿದರು. ಆಮೇಲೆ ನಾನು ಕೇಳದಿದ್ದರೂ ಸೇರಿಸಿದರು: "ಮನೆ ನೋಡ್ತಾ ಇದೀಯೇನಮ್ಮ? ಆ ತಗ್ಗಿನ ಕಡೆ ಬೇಡ. ಜೋರು ಮಳೆ ಬಂದರೆ ಬಾಗಿಲವರೆಗೆ ನೀರು ಬರುತ್ತೆ." ಬ್ರೋಕರ್ ನಮಗೆ ಅಂದು ತೋರಿಸಬೇಕೆಂದಿದ್ದ ಮನೆ ಆ ತಗ್ಗಿನಲ್ಲೇ ಇತ್ತು. ಇಂಥ ಮಾತು ಯಾವ ಜಾಹೀರಾತಿನಲ್ಲೂ ಬರುವುದಿಲ್ಲ. ಪಾರ್ಕಿನಲ್ಲಿ ಅರ್ಧ ಗಂಟೆ ಕೂರಿ, ಕೇಳಿ ಅಂತ ಈಗ ಮನೆ ಹುಡುಕುವ ಎಲ್ಲರಿಗೂ ಹೇಳುತ್ತೇನೆ.

ಎಂಟು ಹತ್ತು ವರ್ಷದ ಮಕ್ಕಳನ್ನು ದೊಡ್ಡವರು ಒಂಟಿಯಾಗಿ ಅಂಗಡಿಗೆ ಕಳಿಸುತ್ತಾರಾ ಅನ್ನುವುದನ್ನೂ ನೋಡುತ್ತಿದ್ದೆವು. ಅಲ್ಲೇ ಇರುವವರು ತಮ್ಮ ಬೀದಿಯನ್ನು ಎಷ್ಟು ನಂಬುತ್ತಾರೆ ಅಂತ ಅದರಲ್ಲಿ ತಿಳಿಯುತ್ತೆ.

ಗಾಳಿ ಮತ್ತು ಸದ್ದಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ ಹಸುಗೂಸು 30ರಿಂದ 60 ಸಲ ಉಸಿರಾಡುತ್ತೆ. ಹೊಗೆ ಇರುವ ಕಡೆ ಮಗುವಿನ ಪಾಲು ಜಾಸ್ತಿ. ಮುಖ್ಯ ರಸ್ತೆಯಿಂದ ದೂರ ಹೋದಷ್ಟೂ ವಾಹನದ ಹೊಗೆ ಕಡಿಮೆ ಆಗುತ್ತೆ. ಅದಕ್ಕೇ ಮುಖ್ಯ ರಸ್ತೆಗೆ ಮುಖ ಮಾಡಿದ ಮನೆಗಳನ್ನೆಲ್ಲ ಬಿಟ್ಟು ಹಿಂದಿನ ಅಡ್ಡರಸ್ತೆಗಳಲ್ಲಿ ಮಾತ್ರ ನೋಡಿದೆವು. ರಾತ್ರಿ ಹೊತ್ತು ರಸ್ತೆಯ ಸದ್ದು 45 ಡೆಸಿಬಲ್ ಒಳಗಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಕೊಟ್ಟ ಸಲಹೆ. ನಾವು ಅಳತೆಯ ಗೋಜಿಗೆ ಹೋಗಲಿಲ್ಲ. ಮಲಗುವ ಕೋಣೆಯ ಕಿಟಕಿ ತೆರೆದು, ಮಾತಾಡದೆ ಸ್ವಲ್ಪ ಹೊತ್ತು ಕೂತೆವು. ಅಷ್ಟು ಸಾಕು.

ಇಲ್ಲಿ ಒಂದು ಮಾತು ಹೇಳಲೇಬೇಕು. ಮಗು ನಾವು ಅಂದುಕೊಂಡ ಹೊತ್ತಿಗೆ ಬರುತ್ತೆ ಅಂತ ಇಲ್ಲ. ಪ್ರಪಂಚದಲ್ಲಿ ಸುಮಾರು 6 ಜನರಲ್ಲಿ ಒಬ್ಬರು ಜೀವನದಲ್ಲಿ ಯಾವಾಗಲಾದರೂ ಬಂಜೆತನದ ತೊಂದರೆ ಎದುರಿಸುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಹಾಗಾಗಿ ಬರೀ ಮಗುವಿಗಾಗಿ ಅಂತ ಜಾಗ ಆರಿಸಬೇಡಿ. ನಾವಿಬ್ಬರೇ ಇನ್ನೂ ಎಷ್ಟೋ ಕಾಲ ಇರಬೇಕಾದರೂ ಖುಷಿಯಿಂದ ಇರಬಲ್ಲೆವಾ ಅಂತ ಕೇಳಿಕೊಂಡೆವು. ಇವರಿಗೆ ಸಂಜೆ ಸೈಕಲ್ ಹೊಡೆಯಲು ದಾರಿ ಬೇಕಿತ್ತು, ನನಗೆ ಹತ್ತಿರದಲ್ಲಿ ಲೈಬ್ರರಿ. ಎರಡೂ ಇದ್ದವು. ಮೂರನೇ ಕೋಣೆಗೆ ಮಗುವಿನ ಕೋಣೆ ಅಂತ ಹೆಸರಿಡಲಿಲ್ಲ, ಓದುವ ಕೋಣೆ ಅಂದೆವು. ಕಾಯುವ ದಿನಗಳಲ್ಲಿ ಅದು ನನ್ನ ಮನಸ್ಸಿಗೆ ಎಷ್ಟು ಹಗುರ ಅನಿಸಿತ್ತು ಅಂತ ನನಗೇ ಗೊತ್ತು.

ಏರಿಯಾ ಗೊತ್ತಾದ ಮೇಲೆ ಮನೆ ಸಿಗಲು ಹೆಚ್ಚು ದಿನ ಹಿಡಿಯಲಿಲ್ಲ. ಟೇಪ್ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೆವು. ಬಾಲ್ಕನಿಯ ಕಂಬಿಗಳ ನಡುವೆ 10 ಸೆಂಟಿಮೀಟರ್‌ಗಿಂತ ಜಾಸ್ತಿ ಸಂದಿ ಇದ್ದರೆ ಮಗು ನುಸುಳುವ ಭಯ. ಹಲವು ದೇಶಗಳ ಕಟ್ಟಡ ನಿಯಮಗಳಲ್ಲೂ ಇದೇ ಅಳತೆ ಇದೆ. ಅಡ್ಡ ಕಂಬಿಗಳಾದರೆ ಸಂದಿ ಸಣ್ಣದಿದ್ದರೂ ಬೇಡ, ಮಕ್ಕಳಿಗೆ ಅದು ಏಣಿ. ಹಳೇ ಮನೆಯಲ್ಲಿ ಕಿಟಕಿಯ ಪೇಂಟ್ ಪುಡಿ ಉದುರುತ್ತಿದೆಯಾ ಅಂತ ಬೆರಳಿನಿಂದ ಉಜ್ಜಿ ನೋಡಿದೆ. ಹಳೇ ಪೇಂಟ್‌ನಲ್ಲಿ ಸೀಸ ಇರಬಹುದು. ಹೊಟ್ಟೆಗೆ ಹೋದ ಸೀಸವನ್ನು ಪುಟ್ಟ ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಹೀರಿಕೊಳ್ಳುತ್ತೆ. ಲಿಫ್ಟ್ ಇಲ್ಲದ ಮೂರನೇ ಮಹಡಿಯ ಮನೆ ಕಡಿಮೆ ಬಾಡಿಗೆಗೆ ಸಿಗುತ್ತಿತ್ತು, ಬೆಳಕೂ ಚೆನ್ನಾಗಿತ್ತು. ಸಿಸೇರಿಯನ್ ಆದರೆ ಎಷ್ಟೋ ವಾರ ಮೆಟ್ಟಿಲು ಹತ್ತಿ ಇಳಿಯುವುದು ಕಷ್ಟ ಅಂತ ಅದನ್ನು ಬಿಟ್ಟು, ಅದಕ್ಕಿಂತ ಚಿಕ್ಕದಾದ ನೆಲಮಹಡಿಯ ಮನೆ ಹಿಡಿದೆವು. ಇದರಿಂದ ಇವರ ಆಫೀಸ್ ದಾರಿ ಮೊದಲಿಗಿಂತ ಉದ್ದವಾಯಿತು. ಅದನ್ನು ಇಬ್ಬರೂ ಒಪ್ಪಿಯೇ ಬಂದೆವು.

ಅಗ್ರಿಮೆಂಟ್‌ಗೆ ಸಹಿ ಹಾಕುವ ಮೊದಲು ಓನರ್ ಹತ್ತಿರ ನೇರವಾಗಿ ಮಾತಾಡಿದೆವು. ಮಕ್ಕಳಾದರೆ ನಿಮಗೆ ತಕರಾರು ಇದೆಯಾ, ಅಪ್ಪ ಅಮ್ಮ ಬಂದು ಕೆಲವು ತಿಂಗಳು ಇರಬಹುದಾ, ಬಾಲ್ಕನಿಗೆ ಬಲೆ ಮತ್ತು ಅಡುಗೆಮನೆ ಬಾಗಿಲಿಗೆ ಪುಟ್ಟ ಗೇಟ್ ಹಾಕಲು ಗೋಡೆಗೆ ರಂಧ್ರ ಕೊರೆಯಬಹುದಾ, ನಾವು ಬಿಡಬೇಕಾದರೆ ಎಷ್ಟು ದಿನ ಮೊದಲು ಹೇಳಬೇಕು, ನೀವು ಬಿಡಿಸಬೇಕಾದರೆ ನಮಗೆ ಎಷ್ಟು ದಿನ ಕೊಡುತ್ತೀರಿ? ಕೊನೆಯದ್ದೇ ನನಗೆ ದೊಡ್ಡದು. ಬಾಣಂತಿಗೆ ಮನೆ ಖಾಲಿ ಮಾಡಿ ಅನ್ನುವ ನೋಟಿಸ್ ಬರಬಾರದು, ಅಲ್ವಾ? ಅವರು ಸ್ವಲ್ಪ ಯೋಚಿಸಿ, ಎರಡೂ ಕಡೆಯಿಂದ ಮೂರು ತಿಂಗಳ ನೋಟಿಸ್‌ಗೆ ಒಪ್ಪಿದರು. ಬಾಯಿಮಾತಿಗೆ ಬಿಡದೆ ಅಗ್ರಿಮೆಂಟ್‌ನಲ್ಲೇ ಆ ಸಾಲು ಬರೆಸಿ ಸಹಿ ಹಾಕಿದೆವು.