ಬಿಸಿಲೂರಿನ ಕೂಸಿಗೆ ಹಗಲು ನಿದ್ದೆ

ಏಪ್ರಿಲ್, ಮೇ ಬಂತೆಂದರೆ ಕಲಬುರಗಿ ಕಡೆ ಎಳೆಕೂಸಿರುವ ಮನೆಗಳಲ್ಲಿ ಒಂದೇ ದೂರು: "ಕೂಸು ಮಕ್ಕೊಳವಲ್ದು ನೋಡ್ರಿ." ದೃಷ್ಟಿ ತಾಗಿದೆ, ಹೊಟ್ಟೆ ಉಬ್ಬಿದೆ ಎನ್ನುವ ಮೊದಲು ಎರಡು ಸಂಗತಿ ನೋಡಿ. ಕೂಸು ಎದ್ದು ಎಷ್ಟು ತಾಸಾಯಿತು? ಮಲಗಿಸಿದ ಕೋಣೆ ಎಷ್ಟು ಕಾದಿದೆ? ಬಹುತೇಕ ತೊಡಕು ಈ ಎರಡರಲ್ಲೇ ಸಿಗುತ್ತದೆ.

ಮೊದಲು ತಾಸಿನ ಲೆಕ್ಕ. ಹನ್ನೊಂದಾಯಿತು, ಮಲಗಿಸಿ ಎನ್ನುವುದಲ್ಲ. ಕಣ್ಣು ಬಿಟ್ಟ ಹೊತ್ತಿನಿಂದ ಎಣಿಸಬೇಕು. ಒಂದೂವರೆ ತಿಂಗಳೊಳಗಿನ ಕೂಸು ಹಾಲು ಕುಡಿದು, ತೇಗಿ, ಲಂಗೋಟಿ ಬದಲಿಸುವಷ್ಟರಲ್ಲೇ, ಅಂದರೆ ಮುಕ್ಕಾಲರಿಂದ ಒಂದು ತಾಸಿನಲ್ಲಿ ದಣಿದಿರುತ್ತದೆ. 3 ತಿಂಗಳಿಗೆ ಒಂದೂಕಾಲು-ಒಂದೂವರೆ ತಾಸು, 6 ತಿಂಗಳಿಗೆ 2ರಿಂದ ಎರಡೂವರೆ, 9 ತಿಂಗಳಿಗೆ 3ರ ಆಸುಪಾಸು, ವರ್ಷ ತುಂಬುವ ಹೊತ್ತಿಗೆ ಮೂರೂವರೆಯಿಂದ 4 ತಾಸು. ನೋಟ ಎಲ್ಲೋ ನೆಟ್ಟು ನಿಲ್ಲುವುದು, ಹುಬ್ಬಿನ ಸುತ್ತ ಕೆಂಪಾಗುವುದು, ಕಿವಿ ಎಳೆದುಕೊಳ್ಳುವುದು ಕಂಡರೆ ಮಲಗಿಸುವ ಹೊತ್ತು ಬಂದಿದೆ ಎಂದರ್ಥ. ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿ ಚೀರುತ್ತಿದ್ದರೆ ತಡವಾಗಿದೆ. ದಣಿವು ಮೀರಿದ ಕೂಸು ಬೇಗ ಮಲಗುವುದಿಲ್ಲ, ಮಲಗಿದರೂ ಅರ್ಧ ತಾಸಿಗೇ ಎದ್ದು ಕೂಗುತ್ತದೆ. "ಇನ್ನಷ್ಟು ಆಡಿಸಿ ದಣಿಸಿದರೆ ಗಾಢ ನಿದ್ದೆ ಬರ್ತದ" ಎಂಬ ಮಾತು ಹಿರಿಯರದ್ದೇ ಆದರೂ ಕೂಸಿನ ವಿಷಯದಲ್ಲಿ ನಡೆಯುವುದಿಲ್ಲ.

ಇನ್ನು ಕೋಣೆ. ಆರ್‌ಸಿಸಿ ಇರಲಿ, ಕಲ್ಲು ಹಾಸಿದ ಮಾಳಿಗೆ ಇರಲಿ, ಮೇಲ್ಛಾವಣಿ ಹಗಲಿನ ಬಿಸಿಲನ್ನು ಹೀರಿಕೊಂಡು ಮಧ್ಯಾಹ್ನ ಇಳಿದ ಮೇಲೆ ಒಳಗೆ ಬಿಡುತ್ತದೆ. ಹೊರಗೆ ಬಿಸಿಲು ತಗ್ಗಿದರೂ ಸಂಜೆ 4-5ಕ್ಕೆ ಮೇಲಿನ ಕೋಣೆ ಧಗಧಗ ಎನ್ನುವುದು ಅದಕ್ಕೇ. ಪತ್ರಾಸಿನ, ಅಂದರೆ ತಗಡು ಹೊದಿಸಿದ ಮನೆ ಅಷ್ಟು ಹೊತ್ತೂ ತಡೆಯುವುದಿಲ್ಲ, 11ಕ್ಕೇ ಕಾದಿರುತ್ತದೆ. ಕೆಳಗಿನ ಅಂತಸ್ತಿನಲ್ಲಿ, ಉತ್ತರಕ್ಕೆ ಕಿಟಕಿ ಇರುವ, ಶಹಾಬಾದ್ ಫರ್ಸಿ ಹಾಸಿದ ಕೋಣೆ ಸಿಕ್ಕರೆ ಅದನ್ನೇ ಕೂಸಿಗೆ ಬಿಡಿ. ಬೆಳಿಗ್ಗೆ 9ರೊಳಗೆ ಕಿಟಕಿ ಮುಚ್ಚಿ, ದಪ್ಪ ಪರದೆ ಎಳೆಯಿರಿ. ಪತ್ರಾಸಿನ ಮನೆಯಾದರೆ ಮೇಲೆ ಗೋಣಿತಟ್ಟು ಹಾಸಿ ಎರಡು-ಮೂರು ತಾಸಿಗೊಮ್ಮೆ ನೀರು ಚಿಮುಕಿಸಿ. ಕತ್ತಲೆ ಎಂದರೆ ಕೂಸಿನ ಮುಖ ಕಾಣುವಷ್ಟು, ಗೋಡೆಯ ಕ್ಯಾಲೆಂಡರಿನ ಚಿತ್ರದ ಮೇಲೆ ಅದರ ಕಣ್ಣು ನಿಲ್ಲದಷ್ಟು.

ಕೂಲರ್ ಹಾಕುವವರು ಸಾಮಾನ್ಯವಾಗಿ ಮಾಡುವ ತಪ್ಪು, ಕೋಣೆಯನ್ನು ಪೂರ್ತಿ ಮುಚ್ಚುವುದು. ಕೂಲರ್ ತಂಪು ಮಾಡುವುದು ನೀರು ಆವಿಯಾಗುವುದರಿಂದ. ಆ ತೇವ ಹೊರಗೆ ಹೋಗದಿದ್ದರೆ ತಾಸೊಂದರಲ್ಲಿ ಕೋಣೆ ಅಂಟಂಟಾಗಿ ಕೂಸು ಬೆವರಿ ಏಳುತ್ತದೆ. ಕೂಲರಿನ ಎದುರು ಬದಿಯ ಕಿಟಕಿಯನ್ನು ನಾಲ್ಕು ಬೆರಳು ತೆರೆದಿಡಿ, ಗಾಳಿ ಗೋಡೆಗೆ ತಾಗಿ ಬರಲಿ, ನೇರ ಮುಖಕ್ಕಲ್ಲ. ಡೆಂಗಿ ಸೊಳ್ಳೆ ಹುಟ್ಟುವುದು ನಿಂತ ನೀರಿನಲ್ಲೇ. ವಾರಕ್ಕೊಮ್ಮೆ ಕೂಲರಿನ ಟ್ಯಾಂಕು ಬರಿದು ಮಾಡಿ ಒಳಗೋಡೆ ತಿಕ್ಕಿ. ಆ ಸೊಳ್ಳೆ ಹೆಚ್ಚಾಗಿ ಕಚ್ಚುವುದು ಹಗಲಲ್ಲೇ, ಆದ್ದರಿಂದ ಸೊಳ್ಳೆ ಪರದೆ ರಾತ್ರಿಗಷ್ಟೇ ಎಂದುಕೊಳ್ಳಬೇಡಿ. ಎಸಿ ಇದ್ದರೆ 25-26 ಡಿಗ್ರಿ ಸಾಕು.

ಈ ಸೆಕೆಯಲ್ಲಿ ತೆಳ್ಳನೆಯ ಹತ್ತಿ ಅಂಗಿ ಒಂದೇ ಸಾಕು. ಕುಂಚಿಗೆ, ಕಾಲುಚೀಲ, ಕೌದಿ ಎಲ್ಲ ಚಳಿಗಾಲಕ್ಕೆ. ಒಳಗೆ ಮಲಗಿಸುವಾಗ ತಲೆಗೆ ಟೋಪಿ ಯಾವ ಕಾಲಕ್ಕೂ ಬೇಡ. ಅಂಗೈ, ಪಾದ ಮುಟ್ಟಿದರೆ ಸೆಕೆ ತಿಳಿಯುವುದಿಲ್ಲ, ಕತ್ತಿನ ಹಿಂಭಾಗಕ್ಕೆ ಎರಡು ಬೆರಳು ಇಡಿ. ಒದ್ದೆ ಇದ್ದರೆ ಬಟ್ಟೆ ಹೆಚ್ಚಾಗಿದೆ. 6 ತಿಂಗಳೊಳಗಿನ ಕೂಸಿಗೆ ನೀರು ಕುಡಿಸಬೇಡಿ, ಮೊಲೆಹಾಲನ್ನೇ ಹೆಚ್ಚು ಸಲ ಕೊಡಿ. ಆರು ತಾಸಿನಿಂದ ಉಚ್ಚೆ ಹೊಯ್ದಿಲ್ಲ, ಬಾಯಿ ಒಣಗಿದೆ, ಎಬ್ಬಿಸಿದರೂ ಹಾಲಿಗೆ ಬಾಯಿ ಹಾಕುತ್ತಿಲ್ಲ ಎಂದರೆ ಅದು ನಿದ್ದೆಯಲ್ಲ, ಕೂಡಲೇ ಆಸ್ಪತ್ರೆಗೆ ನಡೆಯಿರಿ.

ಜೋಳಿಗೆಯ ವಿಷಯ ಸ್ವಲ್ಪ ನಿಧಾನವಾಗಿ ನೋಡೋಣ. ಸೀರೆಯ ಜೋಳಿಗೆಯಲ್ಲಿ ಕೂಸು ಬೇಗ ಮಲಗುವುದು ನಿಜ. ಆದರೆ ಬಟ್ಟೆ ಬಾಗಿದಂತೆ ಬೆನ್ನೂ ಬಾಗಿ ಗದ್ದ ಎದೆಗೆ ಒತ್ತುತ್ತದೆ. ಎಳೆಕೂಸಿಗೆ ಅಷ್ಟರಿಂದಲೇ ಉಸಿರು ಕಟ್ಟಬಹುದು. ಆದ್ದರಿಂದ ಜೋಳಿಗೆ ನಿದ್ದೆ ಹತ್ತಿಸಲು ಮಾತ್ರ, ಅದೂ ಪಕ್ಕದಲ್ಲೇ ಕೂತು. ಸೀರೆಯ ಎರಡು ಅಂಚು ಕೂಡದಂತೆ ಮೇಲೆ ಅಡ್ಡಕಟ್ಟಿಗೆ ಇರಲಿ, ನೆಲದಿಂದ ಒಂದು ಗೇಣಿಗಿಂತ ಎತ್ತರ ಬೇಡ. ಕೂಸು ಮಗ್ಗುಲಾಗಲು ತೊಡಗಿದ ದಿನವೇ ಜೋಳಿಗೆ ಬಿಚ್ಚಿಡಿ. ಬಟ್ಟೆಯಲ್ಲಿ ಬಿಗಿದು ಸುತ್ತುವುದನ್ನೂ ಅಂದೇ ನಿಲ್ಲಿಸಿ.

ಹಾಸಿಗೆಗೆ ಬದಲಿಸುವಾಗಲೇ ಹೆಚ್ಚು ಕೂಸುಗಳು ಏಳುತ್ತವೆ. ಕಣ್ಣು ಮುಚ್ಚಿದ ಕೂಡಲೇ ಎತ್ತಬೇಡಿ. ಹತ್ತು-ಹದಿನೈದು ನಿಮಿಷ ಕಳೆದು ಅದರ ಕೈಯನ್ನು ಸ್ವಲ್ಪ ಎತ್ತಿ ಬಿಡಿ. ಒದ್ದೆ ಬಟ್ಟೆಯಂತೆ ಜೋತು ಬಿದ್ದರೆ ನಿದ್ದೆ ಆಳಕ್ಕೆ ಇಳಿದಿದೆ, ಮುಷ್ಟಿ ಬಿಗಿಯಾದರೆ ಇನ್ನೂ ಕಾಯಿರಿ. ಇಳಿಸುವಾಗ ಮೊದಲು ಕುಂಡೆ, ಆಮೇಲೆ ಬೆನ್ನು, ಕೊನೆಗೆ ತಲೆ. ತಲೆ ಮೊದಲು ಇಳಿದರೆ ಬಿದ್ದಂತೆನಿಸಿ ಎರಡೂ ಕೈ ಚಾಚಿ ಬೆಚ್ಚುತ್ತದೆ. ಎದೆಯ ಮೇಲಿಟ್ಟ ಅಂಗೈಯನ್ನು ಒಂದೆರಡು ನಿಮಿಷ ತೆಗೆಯಬೇಡಿ. ಹಾಸಿಗೆ ಗಟ್ಟಿ, ಸಪಾಟು ಇರಲಿ, ಅಂಗಾತ ಮಲಗಿಸಿ. ತಲೆ ಗುಂಡಗಾಗಲಿ ಎಂದು ಇಡುವ ಸಾಸಿವೆ ದಿಂಬು ತೆಗೆದುಬಿಡಿ. ಒಂದು ವರ್ಷದವರೆಗೆ ಯಾವ ದಿಂಬೂ ಬೇಡ.

ನಿದ್ದೆ ಬರಲೆಂದು ಜಾಯಿಕಾಯಿ ತೇಯ್ದು ನೆಕ್ಕಿಸುವುದು, ಜೇನು ಸವರುವುದು, ಕೆಂಡಕ್ಕೆ ಲೋಬಾನ ಹಾಕಿ ಕೋಣೆ ತುಂಬ ಹೊಗೆ ಮಾಡುವುದು ಮೂರನ್ನೂ ಬಿಡಿ. ಜಾಯಿಕಾಯಿ ಹೆಚ್ಚಾದರೆ ನಂಜು, ವರ್ಷದೊಳಗೆ ಜೇನಿನಿಂದ ಬಾಟ್ಯುಲಿಸಂ ಎಂಬ ಅಪಾಯದ ವಿಷಬಾಧೆ ಆಗಬಹುದು, ಹೊಗೆ ಎಳೆಯ ಶ್ವಾಸಕೋಶಕ್ಕೆ ಕೆಟ್ಟದ್ದು. ಆಯಿಗೆ (ಅಜ್ಜಿಗೆ) ಬೇಸರವಾಗದಂತೆ ಹೇಳುವುದು ಮನೆಯವರ ಜಾಣತನ. ಬದಲಿಗೆ ಅವರ ಎಣ್ಣೆ ತಿಕ್ಕುವ ಕೈಯನ್ನು ಬಳಸಿಕೊಳ್ಳಿ. ಬೆಳಗಿನ ನಿದ್ದೆಗೆ ಮುಕ್ಕಾಲು ತಾಸು ಮೊದಲು ಎಣ್ಣೆ ತಿಕ್ಕಿ, ನೀರು ಹಾಕಿ, ಹಾಲು ಕುಡಿಸಿದರೆ ಆ ನಿದ್ದೆ ದಿನದಲ್ಲೇ ಒಳ್ಳೆಯದು.

6 ತಿಂಗಳ ಕೂಸಿನ ಮೇ ತಿಂಗಳ ದಿನ ಹೀಗಿರಬಹುದು. ಬೆಳಿಗ್ಗೆ 6ಕ್ಕೆ ಎದ್ದರೆ 8ರಿಂದ 9:15 ಮೊದಲ ನಿದ್ದೆ, 11:30ರಿಂದ 1ರವರೆಗೆ ಎರಡನೆಯದು, 3:30ಕ್ಕೆ ಮೂರನೆಯದು. ನಮ್ಮ ಕಡೆ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ. ಕಚೇರಿಯವರು ಮನೆಗೆ ಬಂದು ಗಾಡಿ ನಿಲ್ಲಿಸುವ, ಗೇಟು ತೆಗೆಯುವ ಸಪ್ಪಳಕ್ಕೆ ಮೊದಲೇ ಎರಡನೆಯ ನಿದ್ದೆ ಮುಗಿದಿದ್ದರೆ ಒಳ್ಳೆಯದು. ಮೂರನೆಯ ನಿದ್ದೆಯಿಂದ 4:45ರೊಳಗೆ ಎಬ್ಬಿಸಿ, ಇಲ್ಲವಾದರೆ ರಾತ್ರಿ ಹತ್ತಾದರೂ ಆಡುತ್ತಿರುತ್ತದೆ.

30-40 ನಿಮಿಷಕ್ಕೇ ಏಳುವ ಕೂಸಿಗೆ 5 ತಿಂಗಳು ತುಂಬಿಲ್ಲದಿದ್ದರೆ ಚಿಂತೆ ಬೇಡ, ಒಂದು ಸುತ್ತು ನಿದ್ದೆ ಮುಗಿಯುವುದೇ ಅಷ್ಟಕ್ಕೆ. ದೊಡ್ಡ ಕೂಸಾದರೆ 25ನೇ ನಿಮಿಷಕ್ಕೆ ಹೋಗಿ ಪಕ್ಕ ಕೂತುಕೊಳ್ಳಿ, ಮಿಸುಕಿದಾಗ ಎತ್ತದೆ ಮೆಲ್ಲಗೆ ತಟ್ಟಿ. ಹತ್ತು ನಿಮಿಷ ತಟ್ಟಿದರೂ ಮಲಗದಿದ್ದರೆ ಬಿಟ್ಟುಬಿಡಿ, ಮುಂದಿನ ನಿದ್ದೆಗೆ ಅರ್ಧ ತಾಸು ಬೇಗ ಮಲಗಿಸಿ. ಕರೆಂಟು ಹೋದಾಗ ಫ್ಯಾನಿನ ಸದ್ದು ನಿಂತೂ ಏಳುತ್ತವೆ. ಮೊದಲಿನಿಂದಲೇ ಮನೆಯ ಸಣ್ಣಪುಟ್ಟ ಸಪ್ಪಳ ಕೇಳುವಂತೆ ಮಲಗಿಸಿದ್ದರೆ ಈ ತೊಂದರೆ ಕಡಿಮೆ.

9 ತಿಂಗಳ ಸುಮಾರಿಗೆ ಮೂರು ನಿದ್ದೆ ಎರಡಾಗುತ್ತವೆ, 15-18 ತಿಂಗಳಿಗೆ ಒಂದೇ ಉಳಿಯುತ್ತದೆ. ಆಗ ಆ ಒಂದನ್ನು ಮಧ್ಯಾಹ್ನ 12:30ರ ಊಟದ ಬೆನ್ನಿಗೇ ಇಡಿ.