ಆಟದ ಕಾಳಗಕ್ಕೆ ತಕ್ಕ ತಂತ್ರಾಂಶ ಸಿಕ್ಕಿದ ಬಗೆ

ಕದ್ರಿಯ ನಮ್ಮ ಮನೆಯಲ್ಲಿ ಭಾನುವಾರ ಸಂಜೆ ಐವರು ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತೇವೆ. ಒಬ್ಬರು ಕಥೆ ನಡೆಸುತ್ತ, ಉಳಿದವರು ಪಾತ್ರಗಳಾಗಿ ದಾಳ ಉರುಳಿಸುತ್ತ ಆಡುವ ಆಟವಿದು. ಆಟ ನಡೆಸುವ ಹೊಣೆ ನನ್ನದು. ಐದನೆಯ ಆವೃತ್ತಿಯ ನಿಯಮದಂತೆ ಕಾಳಗದ ಒಂದು ಸುತ್ತೆಂದರೆ ಕಥೆಯೊಳಗೆ ಸುಮಾರು 6 ಸೆಕೆಂಡು, ನಮ್ಮ ಮೇಜಿನ ಮೇಲೆ ಅದಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು.

ಮೊದಲು, ಇಂಥ ಆಟಗಳನ್ನು ನಕ್ಷೆಸಮೇತ ಕಂಪ್ಯೂಟರ್ ಪರದೆಯ ಮೇಲೆ ಆಡಿಸುವ ಫೌಂಡ್ರಿ ತಂತ್ರಾಂಶವನ್ನು ಕೊಂಡೆ. ಒಮ್ಮೆ ಹಣ ಕೊಟ್ಟರಾಯಿತು, ಆಟ ನಡೆಸುವವನೊಬ್ಬನಿಗೆ ಪರವಾನಗಿಯಿದ್ದರೆ ಸಾಕು; ದೂರದೂರುಗಳಲ್ಲಿ ಕುಳಿತು ಆಡುವವರಿಗೆ ಅದು ಬಹಳ ಒಳ್ಳೆಯದು. ಒಂದೇ ಮೇಜಿನ ಸುತ್ತ ಕುಳಿತ ನಮಗೆ ಮಾತ್ರ ನಕ್ಷೆಗೆ ಗೋಡೆ, ಬೆಳಕು ಜೋಡಿಸುವ ಹೊಸ ಕೆಲಸ ಸೇರಿತು.

ಆಮೇಲೆ ಒಂದು ಸಂಜೆ ಗಡಿಯಾರ ಇಟ್ಟುಕೊಂಡು, ಸಮಯ ಎಲ್ಲಿ ಸೋರುತ್ತಿದೆ ಎಂದು ಬರೆದಿಟ್ಟೆ. ತೊಡಕು ನಕ್ಷೆಯಲ್ಲಿರಲಿಲ್ಲ, ಸರದಿ ಯಾರದು, ರಾಕ್ಷಸನ ಪ್ರಾಣಾಂಕ ಎಷ್ಟು ಉಳಿದಿದೆ ಎಂಬ ಲೆಕ್ಕದಲ್ಲಿತ್ತು. ಏಕಾಗ್ರತೆ ಬೇಡುವ ಮಂತ್ರ ಹಿಡಿದವನಿಗೆ ಪೆಟ್ಟು ಬಿದ್ದರೆ 10 ಅಥವಾ ಪೆಟ್ಟಿನ ಅರ್ಧ, ಇವೆರಡರಲ್ಲಿ ಹೆಚ್ಚಿನದನ್ನು ದಾಳದಲ್ಲಿ ಮುಟ್ಟಬೇಕೆಂಬ ನಿಯಮವನ್ನು ಮರೆತು, ಎರಡು ಸರದಿಗಳ ನಂತರ ವಾದಕ್ಕಿಳಿಯುತ್ತಿದ್ದೆವು.

ಆದ್ದರಿಂದ ಸರದಿ, ಪ್ರಾಣಾಂಕ, ಸ್ಥಿತಿಗಳನ್ನಷ್ಟೇ ನೋಡಿಕೊಳ್ಳುವ, ಬ್ರೌಸರಿನಲ್ಲಿ ತೆರೆಯುವ ಉಚಿತ ಸಾಧನವೊಂದನ್ನು ಆರಿಸಿದೆ. ಆಟದ ಮೂಲ ನಿಯಮಗಳು 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಂದಿರುವುದರಿಂದ ಇಂಥ ಸಾಧನಗಳು ಆ ನಿಯಮಗಳಲ್ಲಿರುವ ರಾಕ್ಷಸರ ವಿವರಗಳನ್ನು ಮುಕ್ತವಾಗಿ ಬಳಸಬಹುದು. ಆಟಿಯ ಮಳೆಗೆ ಇಂಟರ್ನೆಟ್ ಹೋದರೂ ತೆರೆದ ಪುಟ ಕೆಲಸ ಮಾಡುತ್ತದೆಯೇ ಎಂದು ವೈಫೈ ಬಂದ್ ಮಾಡಿಯೇ ಪರೀಕ್ಷಿಸಿದ್ದೆ. ದಾಳವನ್ನು ಮಾತ್ರ ಕೈಯಿಂದಲೇ ಉರುಳಿಸುತ್ತೇವೆ. ಆ ಸದ್ದಿಲ್ಲದ ಆಟ ನನಗೆ ರುಚಿಸದು.

ಈಗ ಸುತ್ತೊಂದಕ್ಕೆ ಹತ್ತು ನಿಮಿಷ ಸಾಕು, ಗೋಳಿಬಜೆಯ ತಟ್ಟೆ ಬಂದ ಸುತ್ತನ್ನು ಬಿಟ್ಟು.