ಪೊಕೆಮಾನ್ ಗೋ: ಸಿಪಿ ನೋಡಿ ಸ್ಟಾರ್‌ಡಸ್ಟ್ ಸುರಿಯಬೇಡಿ

ಪೊಕೆಮಾನ್ ಎಂಬ ಜೀವಿಗಳನ್ನು ಹಿಡಿದು ಕಾದಾಡಿಸುವ ಈ ಮೊಬೈಲ್ ಆಟದಲ್ಲಿ, 400 ಮ್ಯಾಜಿಕಾರ್ಪ್ ಕ್ಯಾಂಡಿ ಕೂಡಿಸಿ ಆ ಬಡಪಾಯಿ ಮೀನನ್ನು ಬಲಶಾಲಿ ಗ್ಯಾರಡೋಸ್ ಮಾಡಿಕೊಳ್ಳುವಷ್ಟರಲ್ಲಿ ಸಾಕುಬೇಕಾಗಿರುತ್ತದೆ. ಅದರ ತಲೆ ಮೇಲಿನ ಸಿಪಿ (ಕಾಂಬ್ಯಾಟ್ ಪವರ್) ಅಂಕಿ ಕಂಡ ಖುಷಿಗೆ, ಬಲ ಏರಿಸಲು ಖರ್ಚಾಗುವ ಸ್ಟಾರ್‌ಡಸ್ಟ್ ಇದ್ದಬದ್ದದ್ದನ್ನೆಲ್ಲ ಅದಕ್ಕೇ ಸುರಿದುಬಿಡುವವರು ಬಹಳ. ಆಮೇಲೆ ರೇಡ್‌ಗೆ, ಅಂದರೆ ಹಲವರು ಸೇರಿ ಒಂದು ದೊಡ್ಡ ಪೊಕೆಮಾನ್ ಸೋಲಿಸುವ ಕಾಳಗಕ್ಕೆ ಹೋದರೆ, ಪಕ್ಕದವರ ಕಡಿಮೆ ಸಿಪಿಯ ಗ್ಯಾರಡೋಸ್ ಹೆಚ್ಚು ಪೆಟ್ಟು ಕೊಡುತ್ತಿರುತ್ತದೆ. ಕಾರಣ ಇಷ್ಟೇ: ಸಿಪಿ ಅನ್ನುವುದು ದಾಳಿ, ರಕ್ಷಣೆ, ಎಚ್‌ಪಿ (ಜೀವಬಲ) ಮತ್ತು ಲೆವೆಲ್ ಸೇರಿಸಿ ಕೊಟ್ಟ ಅಂಕಿ. ಪೊಕೆಮಾನ್ ಕಲಿತಿರುವ ಮೂವ್‌ಗಳ, ಅಂದರೆ ಹೊಡೆತಗಳ ಲೆಕ್ಕ ಅದರಲ್ಲಿ ಇಲ್ಲವೇ ಇಲ್ಲ.

ಹಾಗಾದರೆ ಬಲ ಅಳೆಯುವುದು ಹೇಗೆ?

ಮೊದಲು ಕಣ ಯಾವುದೆಂದು ತೀರ್ಮಾನಿಸಿ

ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ರೇಡ್‌ಗೆ ಬೇಕೋ, ಆಟಗಾರರ ನಡುವಿನ ಲೀಗ್ ಪಂದ್ಯಕ್ಕೆ ಬೇಕೋ? ಗ್ರೇಟ್ ಲೀಗ್‌ನಲ್ಲಿ 1500 ಸಿಪಿ ದಾಟುವಂತಿಲ್ಲ, ಅಲ್ಟ್ರಾ ಲೀಗ್‌ನಲ್ಲಿ 2500. ಮಾಸ್ಟರ್ ಲೀಗ್‌ಗೆ ಮಿತಿಯಿಲ್ಲ. ಒಂದು ಕಡೆ ಚಿನ್ನದಂಥ ಪೊಕೆಮಾನ್ ಇನ್ನೊಂದು ಕಡೆ ಕೆಲಸಕ್ಕೆ ಬಾರದಿರಬಹುದು.

ಆಮೇಲೆ ಅಪ್ರೈಸ್

ಪೊಕೆಮಾನ್‌ನ ಪುಟ ತೆರೆದು, ಕೆಳಗೆ ಬಲಮೂಲೆಯ ಗುಂಡಿ ಒತ್ತಿ ‘ಅಪ್ರೈಸ್’ ಆರಿಸಿ. ನಿಮ್ಮ ತಂಡದ ನಾಯಕರು ಎರಡು ಮಾತಾಡಿದ ಮೇಲೆ ದಾಳಿ, ರಕ್ಷಣೆ, ಎಚ್‌ಪಿ ಎಂದು ಮೂರು ಪಟ್ಟಿ ಕಾಣುತ್ತವೆ. ಆಟಗಾರರು ಐವಿ ಅನ್ನುವುದು ಇದನ್ನೇ. ಒಂದೊಂದು ಪಟ್ಟಿಗೂ 0ರಿಂದ 15 ಅಂಕ. ಪಟ್ಟಿಯ ಮೂರು ಭಾಗಗಳಲ್ಲಿ ಒಂದೊಂದಕ್ಕೆ 5. ಮೂರೂ ಸೇರಿ 45 ಬಂದರೆ ನಾಲ್ಕು ಸ್ಟಾರ್, 37ರಿಂದ 44 ಬಂದರೆ ಮೂರು, 30ರಿಂದ 36ಕ್ಕೆ ಎರಡು, 23ರಿಂದ 29ಕ್ಕೆ ಒಂದು. ಅದಕ್ಕೂ ಕೆಳಗಿದ್ದರೆ ಸ್ಟಾರ್ ಇಲ್ಲ.

ಸಾಮಾನ್ಯ ರೇಡ್ ಗೆದ್ದು ಹಿಡಿದದ್ದು, ಮೊಟ್ಟೆಯಿಂದ ಬಂದದ್ದು ಆದರೆ ಮೂರರಲ್ಲೂ ಕನಿಷ್ಠ 10 ಇದ್ದೇ ಇರುತ್ತದೆ. ಹಾಗಾಗಿ ಅವು ಹೆಚ್ಚಾಗಿ ಮೂರು ಸ್ಟಾರ್ ತೋರಿಸುತ್ತವೆ, ಅದನ್ನು ನೋಡಿ ಬೀಗಬೇಕಿಲ್ಲ.

ಸ್ಟಾರ್‌ಗೆ ಜನ ಕೊಡುವ ಬೆಲೆ ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ಗ್ಯಾರಡೋಸ್‌ನ ಮೂಲ ದಾಳಿ 237. ಅದಕ್ಕೆ ಐವಿಯ ಪೂರ್ತಿ 15 ಸೇರಿದರೆ 252. ದಾಳಿಯಲ್ಲಿ ಸೊನ್ನೆ ಇರುವುದಕ್ಕೂ 15 ಇರುವುದಕ್ಕೂ ವ್ಯತ್ಯಾಸ ಶೇಕಡ 6ರ ಆಸುಪಾಸು. ತಪ್ಪು ಮೂವ್‌ನಿಂದ ಆಗುವ ನಷ್ಟದ ಮುಂದೆ ಇದು ಏನೂ ಅಲ್ಲ.

ಗ್ರೇಟ್ ಲೀಗ್‌ನಲ್ಲಿ ಲೆಕ್ಕವೇ ತಿರುಗುಮುರುಗು

ಸಿಪಿ ಸೂತ್ರದಲ್ಲಿ ದಾಳಿಯನ್ನು ಪೂರ್ತಿಯಾಗಿ ಗುಣಿಸುತ್ತಾರೆ. ರಕ್ಷಣೆ ಮತ್ತು ಎಚ್‌ಪಿಯ ವರ್ಗಮೂಲವನ್ನು ಮಾತ್ರ. ಹೀಗಾಗಿ ದಾಳಿ ಹೆಚ್ಚಿದ್ದಷ್ಟೂ ಸಿಪಿ ಬೇಗ ಏರಿ ಮಿತಿ ಮುಟ್ಟುತ್ತದೆ.

ಅಜುಮರಿಲ್ ಎಂಬ ಪೊಕೆಮಾನ್ ತೆಗೆದುಕೊಳ್ಳಿ. ನಾಲ್ಕು ಸ್ಟಾರ್‌ನದು 36ನೇ ಲೆವೆಲ್‌ಗೇ 1497 ಸಿಪಿ ತಲುಪಿ ನಿಂತುಬಿಡುತ್ತದೆ, ಎಚ್‌ಪಿ 184. ದಾಳಿ 0, ಉಳಿದೆರಡು 15 ಇರುವುದು 45ನೇ ಲೆವೆಲ್‌ವರೆಗೆ ಹೋದರೂ 1490ರಲ್ಲೇ ಇರುತ್ತದೆ, ಎಚ್‌ಪಿ 195. ರಕ್ಷಣೆಯೂ ಅದೇ ಪ್ರಮಾಣದಲ್ಲಿ ಹೆಚ್ಚು. ಬರೀ ಎರಡು ಸ್ಟಾರ್ ತೋರಿಸುವ ಇದು ನಾಲ್ಕು ಸ್ಟಾರ್‌ನದಕ್ಕಿಂತ ಹೆಚ್ಚು ಹೊತ್ತು ಕಣದಲ್ಲಿ ನಿಲ್ಲುತ್ತದೆ. ಆದರೆ 40ನೇ ಲೆವೆಲ್ ದಾಟಿಸಲು ಎಕ್ಸ್‌ಎಲ್ ಎಂಬ ಬೇರೆ ಬಗೆಯ ಕ್ಯಾಂಡಿ ಬೇಕು, ಅದನ್ನು ಕೂಡಿಸುವುದು ತಾಳ್ಮೆಯ ಕೆಲಸ. ಹೊಸಬರು ದಾಳಿ ಕಡಿಮೆ ಇರುವುದನ್ನು ಎತ್ತಿಟ್ಟುಕೊಂಡರೆ ಸಾಕು, ಲೆವೆಲ್ ಏರಿಸುವ ಪವರ್ ಅಪ್ ನಿಧಾನಕ್ಕೆ ಆಗಲಿ. ರೇಡ್‌ಗೆ ಮತ್ತು ಮಾಸ್ಟರ್ ಲೀಗ್‌ಗೆ ಮಾತ್ರ ದಾಳಿಯೂ ಸೇರಿ ಎಲ್ಲವೂ ಹೆಚ್ಚಿರುವುದೇ ಒಳ್ಳೆಯದು.

ಮೂವ್‌ಗಳು: ಇಲ್ಲೇ ನಿಜವಾದ ಬಲ

ಪ್ರತಿ ಪೊಕೆಮಾನ್‌ಗೂ ಒಂದು ಫಾಸ್ಟ್ ಮೂವ್, ಒಂದು ಚಾರ್ಜ್ಡ್ ಮೂವ್ ಇರುತ್ತವೆ. ಫಾಸ್ಟ್ ಮೂವ್ ಹೊಡೆದಂತೆಲ್ಲ ಶಕ್ತಿ ತುಂಬುತ್ತದೆ, ಆ ಶಕ್ತಿಯಿಂದ ಚಾರ್ಜ್ಡ್ ಮೂವ್ ಬಿಡಬಹುದು. ಇವನ್ನು ನೋಡುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಮೂವ್‌ನ ಟೈಪೂ (ನೀರು, ಹುಲ್ಲು, ವಿದ್ಯುತ್ ಹೀಗೆ ಅದರ ಬಗೆ) ಪೊಕೆಮಾನ್‌ನ ಟೈಪೂ ಒಂದೇನಾ? ಒಂದೇ ಆದರೆ ಪೆಟ್ಟು 1.2 ಪಟ್ಟು. ಎದುರಾಳಿಯ ದೌರ್ಬಲ್ಯಕ್ಕೆ ತಾಗುತ್ತದಾ? ತಾಗಿದರೆ 1.6 ಪಟ್ಟು. ರೇಡ್ ಆದರೆ ಹವಾಮಾನ ಕೂಡಿಬರುತ್ತದಾ? ಬಂದರೆ ಮತ್ತೆ 1.2 ಪಟ್ಟು. ಇವೆಲ್ಲ ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ.

ಗ್ರೌಡಾನ್ ರೇಡ್‌ಗೆ ಗ್ಯಾರಡೋಸ್ ಒಯ್ಯುತ್ತಿದ್ದೀರಿ ಎಂದುಕೊಳ್ಳಿ. ಗ್ರೌಡಾನ್ ಗ್ರೌಂಡ್ ಟೈಪ್, ನೀರು ಅದಕ್ಕೆ ಆಗದು. ಗ್ಯಾರಡೋಸ್ ವಾಟರ್ ಮತ್ತು ಫ್ಲೈಯಿಂಗ್. ಅದರ ಫಾಸ್ಟ್ ಮೂವ್ ವಾಟರ್‌ಫಾಲ್ ಆಗಿದ್ದರೆ 1.2 ಗುಣಿಸು 1.6, ಅಂದರೆ 1.92 ಪಟ್ಟು. ಜುಲೈ ತಿಂಗಳಲ್ಲಿ ಮಂಗಳೂರಿನಲ್ಲೋ ಮಡಿಕೇರಿಯಲ್ಲೋ ಆಡುವವರಿಗೆ ಪರದೆಯ ಮೂಲೆಯಲ್ಲಿ ಮಳೆ ಚಿಹ್ನೆಯೂ ಕಾಣುವುದು ಹೆಚ್ಚು, ಆಗ 2.3 ಪಟ್ಟು. ಅದೇ ಗ್ಯಾರಡೋಸ್‌ಗೆ ಬೈಟ್ ಸಿಕ್ಕಿದ್ದರೆ? ಬೈಟ್ ಡಾರ್ಕ್ ಟೈಪ್. ಯಾವ ಲಾಭವೂ ಇಲ್ಲ, ಒಂದು ಪಟ್ಟು ಅಷ್ಟೇ. ಎರಡರ ಸಿಪಿಯೂ ಒಂದೇ ಇರಬಹುದು!

ಪೆಟ್ಟು ತಿನ್ನುವ ಕಡೆಯಿಂದಲೂ ಇದೇ ಲೆಕ್ಕ ಹಾಕಿ. ಗ್ರೌಡಾನ್‌ನ ಗ್ರೌಂಡ್ ಟೈಪ್ ಮೂವ್ ಅರ್ತ್‌ಕ್ವೇಕ್ ಗ್ಯಾರಡೋಸ್‌ಗೆ 0.39 ಪಟ್ಟು ಮಾತ್ರ ತಾಗುತ್ತದೆ. ಬರೀ ವಾಟರ್ ಟೈಪ್‌ನ ಕಯೋಗರ್ ಎಂಬ ಪೊಕೆಮಾನ್‌ಗೆ ಗ್ರೌಡಾನ್‌ನ ಗ್ರಾಸ್ ಟೈಪ್ ಮೂವ್ ಸೋಲಾರ್ ಬೀಮ್ 1.6 ಪಟ್ಟು ಬಿದ್ದರೆ, ಗ್ಯಾರಡೋಸ್‌ಗೆ ಸಾಧಾರಣ ಏಟು. ಆದರೆ ಎಲೆಕ್ಟ್ರಿಕ್ ಎದುರಾಳಿ ಮುಂದೆ ಇದನ್ನು ನಿಲ್ಲಿಸಬೇಡಿ, 2.56 ಪಟ್ಟು ಬೀಳುತ್ತದೆ.

ಚಾರ್ಜ್ಡ್ ಮೂವ್‌ನ ಕೆಳಗಿರುವ ಸಣ್ಣ ಪಟ್ಟಿಗಳನ್ನೂ ಗಮನಿಸಿ. ಹೈಡ್ರೋ ಪಂಪ್‌ಗೆ ಒಂದೇ ಉದ್ದ ಪಟ್ಟಿ: ಹೊಡೆತ ದೊಡ್ಡದು, ಆದರೆ ಪೂರ್ತಿ ತುಂಬುವವರೆಗೆ ಬದುಕಿರಬೇಕು. ಕ್ರಂಚ್‌ಗೆ ಮೂರು ಪಟ್ಟಿ: ಏಟು ಸಣ್ಣದು, ಬೇಗ ಬೇಗ ಬಿಡಬಹುದು. ಮೆಗಾ ಗ್ಯಾರಡೋಸ್ (ಅದರ ತಾತ್ಕಾಲಿಕ ಬಲಿಷ್ಠ ರೂಪ) ವಾಟರ್-ಡಾರ್ಕ್ ಆಗುವುದರಿಂದ ಡಾರ್ಕ್ ಟೈಪ್‌ನ ಬೈಟ್, ಕ್ರಂಚ್ ಎರಡಕ್ಕೂ ಆಗ ಬೆಲೆ ಬರುತ್ತದೆ.

ಲೀಗ್‌ನಲ್ಲಿ ಹವಾಮಾನದ ಲಾಭವಿಲ್ಲ, ಮೂವ್‌ಗಳ ಅಂಕಿಗಳೂ ರೇಡ್‌ನವಲ್ಲ. ಅಲ್ಲಿ ಶಕ್ತಿ ಬೇಗ ತುಂಬುವ ಫಾಸ್ಟ್ ಮೂವ್‌ಗೆ ಮಣೆ. ಅಜುಮರಿಲ್‌ನ ಬಬಲ್ ಅಂಥದ್ದು. ಇಬ್ಬರಿಗೂ ಚಾರ್ಜ್ಡ್ ಮೂವ್ ತಡೆಯುವ ಎರಡೆರಡು ಶೀಲ್ಡ್ ಇರುವುದರಿಂದ ಸ್ಟಾರ್‌ಡಸ್ಟ್ ಮತ್ತು ಕ್ಯಾಂಡಿ ಕೊಟ್ಟು ಎರಡನೇ ಚಾರ್ಜ್ಡ್ ಮೂವ್ ತೆರೆಸುವುದು ಹೆಚ್ಚುಕಮ್ಮಿ ಅನಿವಾರ್ಯ. ಅಜುಮರಿಲ್‌ಗೆ ಐಸ್ ಬೀಮ್ ಸ್ವಂತ ಟೈಪ್ ಅಲ್ಲ, ಆದರೂ ಇರಲೇಬೇಕು: ಅದನ್ನು ಕಾಡುವ ಗ್ರಾಸ್ ಟೈಪ್‌ಗೆ ಮರುಏಟು ಕೊಡುವುದು ಅದೇ.

ಮೂವ್ ಸರಿಯಿಲ್ಲದಿದ್ದರೆ

ಪೊಕೆಮಾನನ್ನು ಟ್ರಾನ್ಸ್‌ಫರ್ ಮಾಡಿ ಕಳಿಸಿಬಿಡಬೇಡಿ. ಮೂವ್ ಬದಲಿಸುವ ಸಾಧನಗಳಾದ ಫಾಸ್ಟ್ ಟಿಎಂ, ಚಾರ್ಜ್ಡ್ ಟಿಎಂ ಬಳಸಿದರೆ ಬೇರೆ ಮೂವ್ ಬರುತ್ತದೆ, ಯಾವುದು ಅನ್ನುವುದು ಅದೃಷ್ಟ. ನಮಗೆ ಬೇಕಾದದ್ದನ್ನೇ ಆರಿಸಲು ಎಲೀಟ್ ಟಿಎಂ ಬೇಕು. ಗ್ಯಾರಡೋಸ್‌ನ ಆಕ್ವಾ ಟೇಲ್‌ನಂಥ ಕಮ್ಯುನಿಟಿ ಡೇ (ಆಟದ ವಿಶೇಷ ದಿನ) ಮೂವ್ ಸಾಮಾನ್ಯ ಟಿಎಂನಲ್ಲಿ ಸಿಗುವುದಿಲ್ಲ. ಅಂಥ ಮೂವ್ ಇರುವ ಪೊಕೆಮಾನ್ ಮೇಲೆ ಟಿಎಂ ಒತ್ತುವ ಮುನ್ನ ಎರಡು ಸಲ ಯೋಚಿಸಿ, ಹೋದದ್ದು ಸುಲಭಕ್ಕೆ ವಾಪಸ್ ಬರದು.

ಆಟದ ಖಳರಾದ ಟೀಮ್ ಗೋ ರಾಕೆಟ್‌ನಿಂದ ಬಿಡಿಸಿಕೊಂಡ ಶಾಡೋ ಪೊಕೆಮಾನ್ ಶೇಕಡ 20ರಷ್ಟು ಹೆಚ್ಚು ಹೊಡೆಯುತ್ತದೆ, ಏಟೂ ಅಷ್ಟೇ ಹೆಚ್ಚು ತಿನ್ನುತ್ತದೆ. ಸಿಪಿಯಲ್ಲಿ ಇದು ಕಾಣುವುದಿಲ್ಲ. ಹಿಡಿದಾಗ ಅದರ ಜತೆ ಬರುವ ಫ್ರಸ್ಟ್ರೇಶನ್ ಎಂಬ ದುರ್ಬಲ ಮೂವ್ ಅನ್ನು ಟೀಮ್ ಗೋ ರಾಕೆಟ್‌ನ ವಿಶೇಷ ದಿನಗಳಲ್ಲಿ ಮಾತ್ರ ಚಾರ್ಜ್ಡ್ ಟಿಎಂನಿಂದ ತೆಗೆಯಬಹುದು. ಪ್ಯೂರಿಫೈ ಮಾಡಿದರೆ, ಅಂದರೆ ಶುದ್ಧಗೊಳಿಸಿದರೆ ಮೂರು ಐವಿಗೂ ಎರಡೆರಡು ಅಂಕ ಸೇರುತ್ತದೆ, ಶಾಡೋ ಬಲ ಹೋಗುತ್ತದೆ. ರೇಡ್‌ಗೆ ಬೇಕೆಂದರೆ ನಾಲ್ಕು ಸ್ಟಾರ್ ಆಸೆಗೆ ಪ್ಯೂರಿಫೈ ಮಾಡದೆ, ಆ ದಿನ ಬರುವವರೆಗೆ ಶಾಡೋ ಆಗಿಯೇ ಇಟ್ಟುಕೊಳ್ಳಿ.